ಡ್ರಮ್ ಸಾಫ್ಟ್‌ವೇರ್ ಎಂಬ ಸಂಪಾದಕ: ಮನೆ ರೆಕಾರ್ಡಿಂಗ್, ಲಯ ಮತ್ತು ಪಾಠಾಂತರ

ವಿಷಯದ ಹೆಸರು ಓದಿ, ಕನ್ನಡ ಎಂ.ಎ. ಓದೋರಿಗೆ ಡ್ರಮ್ ಸಾಫ್ಟ್‌ವೇರ್ ಜೊತಿ ಏನು ಕೆಲಸ ಅಂತ ಇಬ್ಬರು ಗೆಳೆಯರು ನಿನ್ನೆನೇ ಕೇಳಿದ್ರು. ಕೆಲಸ ಇತ್ತು, ಅದರಲ್ಲಿ ನನ್ನಿಂದ ಒಂದು ತಪ್ಪೂ ಆಯ್ತು. ತಪ್ಪಿನಿಂದಲೇ ಶುರು ಮಾಡ್ತೀನಿ.

ಕಿರುಪ್ರಬಂಧಕ್ಕಾಗಿ ಅಕ್ಕಲಕೋಟ ತಾಲೂಕಿನ ನಮ್ಮೂರಲ್ಲಿ ಹೆಣ್ಣುಮಕ್ಕಳ ಹಾಡು ಸಂಗ್ರಹ ಮಾಡ್ತಿದ್ದೆ. ಸೊಲ್ಲಾಪುರದ ನನ್ನ ಖೋಲಿಯಲ್ಲಿ ರೆಕಾರ್ಡಿಂಗ್ ಸಾಧ್ಯವೇ ಇಲ್ಲ, ಹಿಂದಿನ ಗೋಡೆಗೆ ಹತ್ತಿ ಪವರ್‌ಲೂಮ್ ನಡೀತದ. ಅದಕ್ಕೇ ಊರಿಗೆ ಹೋಗಿ ನಮ್ಮ ಆಯಿಯ ಪಡಸಾಲೆಯಲ್ಲಿ ಮೈಕ್ ಇಟ್ಟೆ. ಅದೇ ಹಾಡನ್ನ ಎರಡು ಸಲ ಮುದ್ರಿಸಿದೆ. ಮೊದಲನೇ ಸಲ ಆಯಿ ಸುಮ್ಮನೆ ಕೂತು ಹಾಡಿದಳು. ಎರಡನೇ ಸಲ, ಮನೆಯ ಮದುವೆಯ ವಿಡಿಯೋಕ್ಕೆ ‘ಬೀಟ್’ ಬೇಕು ಅಂತ ತಮ್ಮ ಹಟ ಹಿಡಿದದ್ದರಿಂದ, ಆಯಿಯ ಕಿವಿಗೆ ಹೆಡ್‌ಫೋನ್ ಹಾಕಿ ಡ್ರಮ್ ಲೂಪ್ ಕೇಳಿಸುತ್ತ ಹಾಡಿಸಿದೆ. ಎರಡನೆಯದು ಭಾಳ ಸ್ವಚ್ಛ ಬಂತು, ಸ್ಟುಡಿಯೋದಲ್ಲಿ ಮಾಡಿದ್ದು ಅನ್ನಿಸ್ತಿತ್ತು. ವಿಭಾಗದ ಧ್ವನಿಸಂಗ್ರಹಕ್ಕೆ ಕೊಡುವಾಗ ಡ್ರಮ್ ಟ್ರ್ಯಾಕ್ ತೆಗೆದು, ಎರಡನೇ ಸಲದ ಬರೀ ಧ್ವನಿಯನ್ನು ಕೊಟ್ಟುಬಿಟ್ಟೆ.

ಲಿಪ್ಯಂತರ ಮಾಡುವಾಗ ಎರಡನ್ನೂ ಎದುರುಬದರು ಇಟ್ಟು ಕೇಳಿದೆ. ಎರಡನೆಯದರಲ್ಲಿ ಮೂರು ಕಡೆ ‘ಎವ್ವಾ’ ಅನ್ನೋ ಸಂಬೋಧನೆ ಹಾರಿಹೋಗಿತ್ತು. ಎರಡನೇ ಸಾಲಿನ ತುಣುಕನ್ನ ಮರಳಿ ಹಾಡೋ ರೂಢಿ ಒಂದು ಕಡೆ ಪೂರ್ತಿ ಬಿಟ್ಟುಹೋಗಿತ್ತು. ಯಾಕ ಆಯಿ ಅಂತ ಕೇಳಿದ್ರೆ, “ಅದು ಕಿವ್ಯಾಗ ಒಂದ ಸವನ ಬಡೀತಿತ್ತು, ಜಾಗಾನೇ ಕೊಡಲಿಲ್ಲ, ಬಿಟ್ಟೆ” ಅಂದಳು.

ಹಸ್ತಪ್ರತಿಯಲ್ಲಿ ಹೀಗೆ ಶಬ್ದ ಬಿಟ್ಟುಹೋದರೆ ನಾವು ಲಿಪಿಕಾರನ ಕೈತಪ್ಪು ಅಂತೀವಿ, ಪಾಠಾಂತರ ಅಂತ ಅಡಿಟಿಪ್ಪಣಿ ಬರೀತೀವಿ. ಇಲ್ಲಿ ಕೈತಪ್ಪು ಯಾರದು? ಆಯಿಯದಂತೂ ಅಲ್ಲ. ಲೂಪ್ ಆರಿಸಿದವರದು. ಮನೆ ರೆಕಾರ್ಡಿಂಗ್‌ಗೆ ಯಾವ ಡ್ರಮ್ ಸಾಫ್ಟ್‌ವೇರ್ ಆರಿಸಬೇಕು ಅನ್ನೋದು ಬರೀ ಸದ್ದಿನ ಪ್ರಶ್ನೆ ಅಲ್ಲ, ಪಠ್ಯಸಂಪಾದನೆಯ ಪ್ರಶ್ನೆಯೂ ಹೌದು ಅನ್ನೋದು ಇವತ್ತಿನ ನನ್ನ ವಾದ.

ಈ ಸಾಫ್ಟ್‌ವೇರ್ ಬಳಸದವರಿಗೆ ಒಂದೆರಡು ಮಾತು. ಡ್ರಮ್ಮಿನ ಒಂದೊಂದು ಪೆಟ್ಟನ್ನೂ ಬಿಡಿಬಿಡಿಯಾಗಿ ಮುದ್ರಿಸಿ ಇಟ್ಟಿರ್ತಾರೆ, ಅದಕ್ಕೆ ಸ್ಯಾಂಪಲ್ ಅಂತಾರೆ. ನಾವು ಕೀಲಿ ಒತ್ತಿದಾಗ ಆ ಪೆಟ್ಟು ಕೇಳಸ್ತದ. ನಿಜವಾದ ಡ್ರಮ್ಮಿನ ಡಿಜಿಟಲ್ ಮುದ್ರಣವನ್ನ ಯಂತ್ರದಲ್ಲಿ ಮೊದಲು ಕೂಡಿಸಿದ್ದು 1980ರಲ್ಲಿ, ಅಮೆರಿಕದ ರೋಜರ್ ಲಿನ್ ಅವರ ಎಲ್‌ಎಂ-1. ಒಂದೇ ಪೆಟ್ಟು ಮತ್ತೆ ಮತ್ತೆ ಬಂದರೆ ಕಿವಿಗೆ ಮಷಿನ್ ಗನ್ ಹೊಡೆದಂಗ ಕೇಳಸ್ತದ. ಅದಕ್ಕೆ ಎರಡು ಉಪಾಯ ಮಾಡಿದರು. ಒಂದು, ಮೆಲ್ಲಗೆ, ಮಧ್ಯಮ, ಜೋರು ಅಂತ ಬೇರೆ ಬೇರೆ ಬಲದ ಪೆಟ್ಟು ಮುದ್ರಿಸೋದು. ಮಿಡಿಯಲ್ಲಿ ಪೆಟ್ಟಿನ ಬಲಕ್ಕೆ 1ರಿಂದ 127ರ ತನಕ ಅಂಕಿ ಅದ, ಆ ಅಂಕಿ ನೋಡಿ ಸಾಫ್ಟ್‌ವೇರ್ ತಕ್ಕ ಸ್ಯಾಂಪಲ್ ತಗೋತದ. ಇನ್ನೊಂದು ರೌಂಡ್ ರಾಬಿನ್: ಒಂದೇ ಬಲದ ಪೆಟ್ಟನ್ನ ನಾಲ್ಕಾರು ಸಲ ಮುದ್ರಿಸಿಟ್ಟು ಸರದಿಯಲ್ಲಿ ನುಡಿಸೋದು. ಸಾಫ್ಟ್‌ವೇರ್ ಮಾರುವವರು ‘ನೈಜ’ ಅಂತ ಹೇಳೋದು ಬಹುತೇಕ ಈ ಎರಡರ ಲೆಕ್ಕವನ್ನೇ.

ಈ ಲೆಕ್ಕದಲ್ಲಿ ದೊಡ್ಡ ಹೆಸರು ಸ್ವೀಡನ್ನಿನ ಟೂನ್‌ಟ್ರ್ಯಾಕ್ ಕಂಪನಿಯ ಸುಪೀರಿಯರ್ ಡ್ರಮ್ಮರ್ 3. 2017ರಲ್ಲಿ ಬಂತು. ಜಾರ್ಜ್ ಮ್ಯಾಸೆನ್‌ಬರ್ಗ್ ಬೆಲ್ಜಿಯಮ್ಮಿನ ಗ್ಯಾಲಕ್ಸಿ ಸ್ಟುಡಿಯೋದಲ್ಲಿ ಮುದ್ರಿಸಿದ್ದು, ಸ್ಯಾಂಪಲ್‌ಗಳ ತೂಕ 230 ಜಿ.ಬಿ.ಗಿಂತ ಹೆಚ್ಚು. ಡ್ರಮ್ಮಿನ ಹತ್ತಿರದ ಮೈಕ್ ಬೇರೆ, ಮೇಲಿನ ಮೈಕ್ ಬೇರೆ, ಕೋಣೆಯ ಗುಂಯ್ ಅನ್ನೋ ಸದ್ದಿನ ಮೈಕ್ ಬೇರೆ. ಗೆಳೆಯನ ಕಂಪ್ಯೂಟರಲ್ಲಿ ಕೇಳಿದೆ, ಕಣ್ಣು ಮುಚ್ಚಿದ್ರೆ ಎದುರಿಗೆ ಯಾರೋ ಕೂತು ಬಾರಿಸಿದಂಗ ಅನ್ನಿಸ್ತು. ಅದನ್ನ ಕಡಿಮೆ ಮಾಡಿ ಹೇಳೋದಿಲ್ಲ. ಗಿಟಾರ್ ಹಿಡಿದು ಹಾಡು ಕಟ್ಟೋ ನಮ್ಮ ಗೆಳೆಯರ ಗುಂಪಿಗೆ ಅದು, ಇಲ್ಲ ಅವರದೇ ಈಝಿಡ್ರಮ್ಮರ್, ಅಥವಾ ಪುಕ್ಕಟೆ ಸಿಗೋ ಎಂಟಿ ಪವರ್ ಡ್ರಮ್ ಕಿಟ್ ಧಾರಾಳ ಆಯ್ತು. ಅಂಥ ಹಾಡಿಗೆ ನಾನೂ ಎಂಟಿಯನ್ನೇ ಬಳಸ್ತೀನಿ, ಯಾವ ತಕರಾರೂ ಇಲ್ಲ.

ಆದರೆ ವಾಸ್ತವ ಅಂದರೆ ವಿವರಗಳ ರಾಶಿ ಅಲ್ಲ ಅಂತ ಕಾದಂಬರಿಯ ತರಗತಿಯಲ್ಲಿ ನಮಗೆ ಹೇಳಿಕೊಟ್ಟಾರ. ಆ ಮಾತು ಇಲ್ಲಿಗೂ ಹೊಂದ್ತದ. ಬೆಲ್ಜಿಯಮ್ಮಿನ ಒಂದು ಕೋಣೆಗೆ, ಅಲ್ಲಿ ಇಟ್ಟ ಒಂದು ಡ್ರಮ್ ಸೆಟ್ಟಿಗೆ ಅದು ಪೂರಾ ನಿಷ್ಠ. ಅಕ್ಕಲಕೋಟದ ಪಡಸಾಲೆಗೆ ಅದನ್ನ ತಂದಾಗ ಅದರ ನೈಜತೆ ಯಾವುದಕ್ಕೆ ನಿಷ್ಠವಾಗಿರ್ತದ?

ಇದಕ್ಕೆ ಹಳೇ ಬೇರೂ ಅದ. 1991ರಲ್ಲಿ ಜನರಲ್ ಮಿಡಿ ಅನ್ನೋ ಒಂದು ಒಪ್ಪಂದ ಆಯ್ತು, ಯಾವ ಕಂಪನಿಯ ಕೀಬೋರ್ಡ್ ಆದರೂ ಯಾವ ಕೀಲಿಗೆ ಯಾವ ಸದ್ದು ಬರಬೇಕು ಅನ್ನೋ ಪಟ್ಟಿ. ಡ್ರಮ್ಮಿಗೆ 10ನೇ ಚಾನೆಲ್ಲು, 35ರಿಂದ 81ರ ತನಕ 47 ಸದ್ದು. ಅದರಲ್ಲಿ ಕ್ಯೂಬಾದ ಬೊಂಗೊ, ಕೊಂಗಾ ಇದ್ದಾವೆ, ಬ್ರೆಜಿಲ್ಲಿನ ಕ್ವೀಕಾ ಅದ. ನಮ್ಮ ಒಂದು ಚರ್ಮವಾದ್ಯವೂ ಇಲ್ಲ, ತಬಲಾ ಕೂಡ ಇಲ್ಲ. ತಮಾಷೆ ನೋಡ್ರಿ, ಸ್ವರವಾದ್ಯಗಳ ಪಟ್ಟಿಯಲ್ಲಿ ಸಿತಾರ್‌ಗೆ 105ನೇ ಜಾಗ, ಶಹನಾಯಿಗೆ 112ನೇ ಜಾಗ ಕೊಟ್ಟಾರ. ನಮ್ಮ ಕಡೆ ಹಲಗಿಯ ಸದ್ದು ಬೇಕಾದವರು ಕೊನೆಗೆ 38ನೇ ಕೀಲಿ ಒತ್ತಿ ಸ್ನೇರ್ ಡ್ರಮ್ಮಿಗೇ ಸಮಾಧಾನ ಮಾಡಿಕೊಳ್ಳಬೇಕು.

ಹಾಗಾದ್ರೆ ಭಾರತೀಯ ವಾದ್ಯಗಳ ಸಾಫ್ಟ್‌ವೇರ್ ಇಲ್ಲೇನು? ಇದ್ದಾವ. ಸ್ವರ್ ಸಿಸ್ಟಮ್ಸ್‌ನ ಸ್ವರ್‌ಪ್ಲಗ್ ಅದ, ನೇಟಿವ್ ಇನ್‌ಸ್ಟ್ರುಮೆಂಟ್ಸ್‌ನ ‘ಇಂಡಿಯಾ’ ಅದ. ಅಭ್ಯಾಸಕ್ಕೆ ಬೆಂಗಳೂರಿನ ರಾಡೆಲ್ ಕಂಪನಿಯ ತಾಳಮಾಲಾ ಸಂಗೀತದ ಮಾಸ್ತರ ಮನೆಗಳಲ್ಲಿ ನಾವೆಲ್ಲ ಕೇಳಿದ್ದೇ. ಇವು ಒಳ್ಳೇ ಸಾಧನಗಳು. ಆದ್ರೆ ಇವುಗಳ ನಡುಮನೆಯಲ್ಲಿ ಕೂತಿರೋದು ತಬಲಾ, ತಾಳಗಳೂ ತಬಲಾದವೇ: ತೀನತಾಳ, ದಾದ್ರಾ, ಕೆಹರ್ವಾ. ತತ್ವಪದದವರ ಏಕತಾರಿ-ದಮ್ಮಡಿ, ಗೀಗೀ ಪದದವರ ದಪ್ಪು, ಜಾತ್ರೆಯ ಹಲಗಿ, ಗೊಂದಲಿಗರ ಸಂಬಾಳ ಇಂಥವು ಹೊರಗಿನ ಕಟ್ಟೆಯ ಮೇಲೇ ಉಳಿದಾವ. ನಮ್ಮ ಸಾಹಿತ್ಯಚರಿತ್ರೆಯಲ್ಲಿ ಮಾರ್ಗ ದೇಸಿ ಅಂತ ಓದಿದ್ದು ಪ್ಲಗಿನ್ನಿನಲ್ಲೂ ಸಿಗ್ತದ ಅಂತ ನನಗೆ ಗೊತ್ತಿರಲಿಲ್ಲ.

ಈಗ ಮುಖ್ಯ ಮಾತಿಗೆ ಬರ್ತೀನಿ. ಆಯಿ ಹಾಡಿದ್ದು ತ್ರಿಪದಿ. ತ್ರಿಪದಿಗೆ ಒಟ್ಟು 11 ಗಣ, ಸಾಲಿಗೆ 4, 4, 3. ಆರನೆಯದು ಮತ್ತು ಹತ್ತನೆಯದು ಬ್ರಹ್ಮಗಣ, ಉಳಿದದ್ದೆಲ್ಲ ವಿಷ್ಣುಗಣ. ಇವು ಅಂಶಗಣಗಳು. ವಿಷ್ಣುಗಣದಲ್ಲಿ ಮೂರು ಅಂಶ; ಮೊದಲನೇ ಅಂಶ ಒಂದು ಗುರು ಇಲ್ಲವೆ ಎರಡು ಲಘು, ಆಮೇಲಿನವು ಒಂದೊಂದು ಗುರುವೋ ಲಘುವೋ. ಮಾತ್ರೆಯಲ್ಲಿ ಎಣಿಸಿದರೆ ಅದೇ ವಿಷ್ಣುಗಣ ನಾಲ್ಕೂ ಆಗಬಹುದು, ಐದೂ ಆಗಬಹುದು, ಆರೂ ಆಗಬಹುದು. ಹಾಡುವವರು ಕಡಿಮೆ ಇದ್ದಲ್ಲಿ ಎಳೀತಾರೆ, ಹೆಚ್ಚಿದ್ದಲ್ಲಿ ಒತ್ತಿ ಹಾಡ್ತಾರೆ. ಈ ಎಳೆತಕ್ಕೆ ಛಂದಸ್ಸಿನವರು ಕರ್ಷಣ ಅಂತಾರೆ. ಡಿ.ಎಸ್. ಕರ್ಕಿಯವರ ‘ಕನ್ನಡ ಛಂದೋವಿಕಾಸ’ ಓದಿದವರಿಗೆ ಇದು ಹೊಸದಲ್ಲ.

ನಾನು ಮೊದಲು ಅಂದ್ಕೊಂಡದ್ದು ಸರಳ ಇತ್ತು: ಅಂಶಗಣ ಸ್ವತಂತ್ರ, ಕಂಪ್ಯೂಟರ್ ಕಟ್ಟುನಿಟ್ಟು, ಅದಕ್ಕೇ ಜಗಳ. ಅದು ತಪ್ಪು. ಗಣದ ತಲೆಗೆ ಪೆಟ್ಟು ಸಮನಾಗಿ ಬಿದ್ದರೆ ಆಯಿಗೆ ಏನೂ ತೊಂದರೆ ಇಲ್ಲ. ಬೀಸುವ ಕಲ್ಲಿನ ಸುತ್ತು ಸಮನಾಗಿಯೇ ಇರ್ತಿತ್ತಲ್ಲ. ತೊಂದರೆ ಇರೋದು ಎರಡು ಪೆಟ್ಟಿನ ನಡುವಿನ ಜಾಗದಲ್ಲಿ. ನಾನು ಹಾಕಿದ ಲೂಪಿನಲ್ಲಿ ಆ ಜಾಗವನ್ನ ಟಿಕಿಟಿಕಿ ಅಂತ ಸಣ್ಣ ಪೆಟ್ಟುಗಳಿಂದ ತುಂಬಿದ್ರು, ‘ನೈಜ’ ಅನ್ನಿಸಲಿ ಅಂತಲೇ. ನಾಲ್ಕು, ಐದು, ಆರು ಮಾತ್ರೆ ಬೇಕಾದಂಗ ಹಿಗ್ಗೋ ಕುಗ್ಗೋ ಗಣದ ಒಳಗೆ ಯಂತ್ರ ನಾಲ್ಕೇ ಅಂತ ಎಣಿಸಿ ತೋರಿಸ್ತಿತ್ತು. ‘ಎವ್ವಾ’ ಕೂಡೋದು ಆ ಹಿಗ್ಗಿನಲ್ಲೇ. ಹಿಗ್ಗು ಹೋಯ್ತು, ಎವ್ವಾನೂ ಹೋದಳು. ಸ್ಯಾಂಪಲ್ ಎಷ್ಟು ಸಾವಿರ ಇದ್ದರೂ ಇದು ತಪ್ಪೋದಿಲ್ಲ.

ಲೂಪಿನಲ್ಲಿ ಪ್ರತಿ ನಾಲ್ಕನೇ ಬಾರಿಗೋ ಎಂಟನೇ ಬಾರಿಗೋ ಒಂದು ಫಿಲ್ ಬರ್ತದ, ಅಂದ್ರ ಡಬಡಬ ಅಂತ ಒಂದು ಉರುಳಿಕೆ. ಗಣಕ್ಕೊಂದು ಬಾರ್ ಅಂತ ಹಿಡಿದರೆ ಮೊದಲ ತ್ರಿಪದಿಯಲ್ಲಿ ಎಂಟನೆಯದು ಸರಿಯಾಗಿ ಎರಡನೇ ಸಾಲಿನ ಕೊನೆಗೆ ಬೀಳ್ತದ, ಕೇಳಲಿಕ್ಕೆ ಛಂದ. ಮೂರನೇ ಸಾಲಿಗೆ ಮೂರೇ ಗಣ. ಕೊನೆಗೆ ಹಾಡುವವಳು ಸರಿಯಾಗಿ ಒಂದು ಗಣದಷ್ಟು ಉಸಿರು ತಗೊಂಡರೆ ಹನ್ನೆರಡಾಗಿ ಲೆಕ್ಕ ಕೂಡ್ತದ. ಆದ್ರೆ ಆಯಿ ಮುಂದಿನ ನುಡಿ ನೆನಪಿಸಿಕೊಳ್ಳೋತನ ಸುಮ್ಮನಿರ್ತಾಳ, ನೆನಪಿದ್ರೆ ಉಸಿರೇ ತಗೊಳ್ಳೋದಿಲ್ಲ. ಆಗ ಎರಡನೇ ತ್ರಿಪದಿಯ ಫಿಲ್ ಸಾಲಿನ ನಡುವೆ, ತವರುಮನೆಯ ಹೆಸರು ಬರೋ ಜಾಗದಲ್ಲಿ ಡಬಡಬ ಅಂತ ಬಿತ್ತು. ಕೇಳಿಸಿದಾಗ ನಮ್ಮ ಮನೆಯವರೆಲ್ಲ ನಕ್ಕರು.

ಎರಡನೇ ಉದಾಹರಣೆ ಇದಕ್ಕಿಂತ ಗಂಭೀರ. ಸೊಲ್ಲಾಪುರ ಅಂದರೆ ಸೊನ್ನಲಿಗೆ, ಸಿದ್ಧರಾಮನ ಊರು. ಸಂಕ್ರಾಂತಿಯ ಜಾತ್ರೆಯ ಹೊತ್ತಿಗೆ ಒಂದು ವಚನ ಮುದ್ರಿಸೋಣ ಅಂತ ಗೆಳೆಯನೊಬ್ಬ ಹಾಡಿದ, ನಾನು ಕೆಹರ್ವಾ ಲೂಪ್ ಹಾಕಿದೆ. ವಚನಕ್ಕೆ ಛಂದಸ್ಸಿನ ಕಟ್ಟಿಲ್ಲ, ಅದರ ಲಯ ಮಾತಿನ ಲಯ. ಮಲ್ಲಿಕಾರ್ಜುನ ಮನಸೂರ, ಬಸವರಾಜ ರಾಜಗುರು ಅಂಥವರು ವಚನ ಹಾಡುವಾಗ ತಬಲಾ ಇದ್ದೇ ಇತ್ತು, ಆದರೆ ಬಾರಿಸುವವನ ಕಣ್ಣು ಹಾಡುವವರ ಮೇಲಿರ್ತದ. ನಮ್ಮ ಲೂಪಿಗೆ ಕಣ್ಣಿಲ್ಲ. ವಚನದ ಕೊನೆಗೆ ಅಂಕಿತ ಬಂತು: ಕಪಿಲಸಿದ್ಧಮಲ್ಲಿಕಾರ್ಜುನಾ. ಎಣಿಸಿ ನೋಡ್ರಿ, ಹತ್ತು ಅಕ್ಷರ, 14 ಮಾತ್ರೆ. ಕೆಹರ್ವಾದ ಆವರ್ತ ಎಂಟು. ಗೆಳೆಯ ಎರಡು ಸಲ ತಡವರಿಸಿ, ಮೂರನೇ ಸಲ ‘ಮಲ್ಲಿಕಾರ್ಜುನಾ’ ಅಂತಷ್ಟೇ ಹಾಡಿ ಮುಗಿಸಿದ. ಅದು ಸರಿಯಾಗಿ ಎಂಟು ಮಾತ್ರೆ! ಸಮ್ಮಿಗೆ ಬಂದು ಕೂತಿತು, ನಾವಿಬ್ಬರೂ ವಾಹವಾ ಅಂದ್ವಿ.

ರಾತ್ರಿ ಮಲಗಿದಾಗ ಹೊಳೀತು. ವಚನದ ಕರ್ತೃ ಯಾರು ಅಂತ ನಾವು ಗುರುತಿಸೋದು ಅಂಕಿತದಿಂದ. ‘ಕಪಿಲಸಿದ್ಧ’ ತೆಗೆದರೆ ಉಳಿಯೋ ಮಲ್ಲಿಕಾರ್ಜುನ ಯಾರವನು? ಅಕ್ಕಮಹಾದೇವಿಯ ಚೆನ್ನಮಲ್ಲಿಕಾರ್ಜುನನೂ ಆಗಬಹುದಲ್ಲ. ಸಿದ್ಧರಾಮನ ಊರಿನಲ್ಲೇ ಕೂತು ಸಿದ್ಧರಾಮನ ಹೆಸರನ್ನೇ ಎಂಟು ಮಾತ್ರೆಗೆ ಕತ್ತರಿಸಿದ್ವಿ. ಹದಿನಾಲ್ಕು ಮಾತ್ರೆಯ ದೀಪಚಂದಿ ಹಾಕಬೇಕಿತ್ತು ಅಂತ ಸಂಗೀತದ ಗೆಳತಿಯೊಬ್ಬಳು ಆಮೇಲೆ ಚೇಷ್ಟೆ ಮಾಡಿದಳು. ಅಂಕಿತ ಕೂಡ್ತಿತ್ತು ಖರೆ, ಉಳಿದ ವಚನ ಏನಾಗ್ತಿತ್ತೋ.

ಸಾಫ್ಟ್‌ವೇರುಗಳಲ್ಲಿ ‘ಹ್ಯೂಮನೈಸ್’ ಅಂತ ಒಂದು ಗುಂಡಿ ಇರ್ತದ. ಒತ್ತಿದರೆ ಪೆಟ್ಟುಗಳು ಒಂದಿಷ್ಟು ಹಿಂದೆಮುಂದೆ, ಜೋರುಮೆಲ್ಲಗೆ ಆಗ್ತಾವ. ಅದರಿಂದ ಎಲ್ಲ ಸರಿಹೋಗ್ತದ ಅಂತ ಹೇಳೋರಿದ್ದಾರ. ಮನುಷ್ಯ ಹಿಂದೆಮುಂದೆ ಆಗೋದಕ್ಕೆ ಕಾರಣ ಇರ್ತದ: ಹಾಡುವವರ ಉಸಿರು ಮುಗೀತು, ಅಂಕಿತ ಬಂತು, ಎದುರಿಗೆ ಕೂತವರು ತಲೆದೂಗಿದರು. ಗುಂಡಿಯ ಹಿಂದುಮುಂದು ಲಾಟರಿ. ನಮ್ಮೂರ ಭಜನಿಯಲ್ಲಿ ದಮ್ಮಡಿ ಬಾರಿಸೋ ಕಾಕಾರಿಗೆ ನನ್ನ ರೆಕಾರ್ಡಿಂಗ್ ಕೇಳಿಸಿದೆ. ಪೂರ್ತಿ ಕೇಳಿ, “ಬಾರಸ್ತದ ಖರೇ, ಹಾಡು ಕೇಳಂಗಿಲ್ಲ ನೋಡು ಇದು” ಅಂದರು. ಅಲ್ಲಿಂದ ನನ್ನ ಕೆಲಸದ ಕ್ರಮ ತಿರುವುಮುರುವು ಆಯ್ತು.

ಈಗ ನಾನು ಮೊದಲು ಧ್ವನಿ ಮುದ್ರಿಸ್ತೀನಿ, ಕ್ಲಿಕ್ಕೂ ಇಲ್ಲ, ಲೂಪೂ ಇಲ್ಲ. ಆಮೇಲೆ ರೀಪರ್‌ನಲ್ಲಿ ಆ ಧ್ವನಿಯನ್ನು ಕೇಳುತ್ತ, ಎಲ್ಲಿ ಗಣದ ತಲೆ ಬೀಳ್ತದೋ ಅಲ್ಲೆಲ್ಲ ಗುರುತು ಹಾಕಿ, ಗ್ರಿಡ್ಡೇ ಹಾಡಿನ ಹಿಂದೆ ಬರುವಂಗ ಮಾಡ್ತೀನಿ. ಮೂರು ನಿಮಿಷದ ಹಾಡಿಗೆ ಒಂದು ಸಂಜೆ ಹೋಗ್ತದ. ವಾದ್ಯಕ್ಕೆ ಕಾಕಾರ ದಮ್ಮಡಿಯನ್ನೇ ಸ್ಯಾಂಪಲ್ ಮಾಡಿದೆ: ನಡುವಿನ ಪೆಟ್ಟು, ಅಂಚಿನ ಪೆಟ್ಟು, ಬಿಲ್ಲೆಗಳ ಝಣ. ಒಂದೊಂದೂ ಮೂರು ಬಲದಲ್ಲಿ, ಬಲಕ್ಕೆ ನಾಲ್ಕು ಸಲ. ಬರೀ 36 ಸದ್ದು, 230 ಜಿ.ಬಿ. ಎಲ್ಲಿ, ಇದೆಲ್ಲಿ. ಅವನ್ನ ಎಸ್‌ಎಫ್‌ಝೆಡ್ ಅನ್ನೋ ಕಡತದಲ್ಲಿ ಜೋಡಿಸಬೇಕು. ಅದು ನೋಟ್‌ಪ್ಯಾಡಿನಲ್ಲಿ ಬರೆಯೋ ಸಾದಾ ಪಠ್ಯ: ಈ ಬಲದಿಂದ ಈ ಬಲದ ತನಕ ಈ ಸದ್ದು, ಸರದಿಯಲ್ಲಿ ಇದು ಎರಡನೆಯದು ಅಂತ. ನುಡಿಸಲಿಕ್ಕೆ ಸ್ಫೋರ್ಜಾಂಡೊ ಅನ್ನೋ ಪುಕ್ಕಟೆ ಸಾಫ್ಟ್‌ವೇರ್ ಸಾಕು. ಸಾಹಿತ್ಯದ ವಿದ್ಯಾರ್ಥಿಗೆ ಇದು ಕಷ್ಟವೇ ಅಲ್ಲ, ಪಾಠಾಂತರದ ಕೋಷ್ಟಕ ಬರೆದಂಗ ಅದ.

ಹಲಗಿಯದು ಇಷ್ಟು ಸಲೀಸಾಗಲಿಲ್ಲ. ಹಲಗಿಯನ್ನ ಬೆಂಕಿಗೆ ಕಾಯಿಸಿ ಬಿಗಿ ಮಾಡ್ತಾರೆ, ಆರಿದಂಗ ಸದ್ದು ಇಳೀತದ, ಮತ್ತೆ ಕಾಯಿಸ್ತಾರೆ. ಯಾವ ಹೊತ್ತಿನ ಸದ್ದು ನಿಜವಾದ ಸದ್ದು? ಅದಕ್ಕಿಂತ ಬಿಕ್ಕಟ್ಟಿನ ಮಾತು ಇನ್ನೊಂದು. ಹಲಗಿ ಬಾರಿಸೋದು ತಲೆಮಾರುಗಳ ಕಾಲ ದಲಿತರ ಮೇಲೆ ಹೇರಿದ ಬಿಟ್ಟಿ ಚಾಕರಿ ಆಗಿತ್ತು. ಅದನ್ನ ಬಿಟ್ಟು ಹೊರಬಂದವರಿದ್ದಾರೆ, ಅದೇ ನಮ್ಮ ಕಲೆ ಅಂತ ಹೆಮ್ಮೆಯಿಂದ ಹಿಡಿದವರೂ ಇದ್ದಾರೆ. ನಾನು ಸ್ಯಾಂಪಲ್ ಕೇಳಲಿಕ್ಕೆ ಹೋದಾಗ ಹಿರಿಯರೊಬ್ಬರು, “ಇದರಾಗ ತುಂಬಕೊಂಡ ಮ್ಯಾಲೆ ನಮ್ಮನ್ನ ಯಾಕ ಕರೀತೀರಿ?” ಅಂದರು. ಜಾತ್ರೆಗೆ ಕರೆದರೆ ಕೊಡೋ ಒಂದು ದಿನದ ಸಂಭಾವನೆ ಕೊಡ್ತೀನಿ ಅಂದೆ, ಅವರು ಬಾರಿಸಿದರು. ಆದರೆ ಅವರು ಕೇಳಿದ್ದು ಆ ಒಂದು ದಿನದ್ದಲ್ಲ. ಅವರ ಸ್ಯಾಂಪಲ್‌ಗಳನ್ನ ನಾನು ಇವತ್ತಿನ ತನಕ ಯಾವ ಹಾಡಿಗೂ ಬಳಸಿಲ್ಲ.

ಮಾತು ಮುಗಿದ ಮೇಲೆ ಎರಡು ಪ್ರಶ್ನೆ ಬಂದವು. ಅವನ್ನೂ ಇಲ್ಲಿ ಕೊಟ್ಟೀನಿ.

ಪ್ರಶ್ನೆ, ವಿಭಾಗದ ಗುರುಗಳಿಂದ: ಜನಪದ ಹಾಡು ಪ್ರತಿ ಸಲ ಬದಲಾಗುತ್ತದೆ. ಲೂಪಿನ ಜೊತೆ ಹಾಡಿದ್ದೂ ಒಂದು ಪಾಠವೇ ಅಲ್ಲವೆ? ಅದನ್ನು ತಪ್ಪು ಅಂತ ಯಾಕೆ ಕರೀತೀರಿ?

ಉತ್ತರ: ಹೌದು ಸರ್, ಅದೂ ಒಂದು ಪಾಠವೇ. ಆಯಿ ಮದುವೆ ಮನೆಯಲ್ಲಿ ಗದ್ದಲದ ನಡುವೆ ಹಾಡಿದರೂ ಒಂದಿಷ್ಟು ಬಿಟ್ಟೇ ಬಿಡ್ತಾಳೆ. ಆದರೆ ಆ ಗದ್ದಲ ರೆಕಾರ್ಡಿಂಗಿನಲ್ಲಿ ಕೇಳಸ್ತದ. ನಾನು ಲೂಪ್ ತೆಗೆದು ಬರೀ ಧ್ವನಿ ಕೊಟ್ಟಿದ್ದೆ. ಮುಂದೆ ಕೇಳುವವರಿಗೆ ಆಯಿಯ ಕಿವಿಯಲ್ಲಿ ಏನು ಬಡೀತಿತ್ತು ಅನ್ನೋದು ಗೊತ್ತೇ ಆಗೋದಿಲ್ಲ, ಇದೇ ಆಕೆಯ ಹಾಡು ಅಂತ ತಿಳೀತಾರೆ. ತಪ್ಪು ಅಂದದ್ದು ಅದನ್ನ. ಈಗ ಮೊದಲಿನ ರೆಕಾರ್ಡಿಂಗನ್ನೂ ಸೇರಿಸಿ, ಎರಡನೆಯದರ ಮುಂದೆ ಯಾವ ಸಾಫ್ಟ್‌ವೇರ್, ಯಾವ ಲೂಪ್, ಎಷ್ಟು ವೇಗ ಅಂತ ಬರೆದುಕೊಟ್ಟೀನಿ.

ಪ್ರಶ್ನೆ, ಸಹಪಾಠಿಯಿಂದ: ಇಷ್ಟೆಲ್ಲ ಹೇಳಿದಿ, ರೊಕ್ಕ ಖರ್ಚಿಲ್ಲದೆ ನಾ ಯಾವುದು ಹಾಕ್ಕೊಳ್ಳಲಿ ಅದನ್ನ ಹೇಳು.

ಉತ್ತರ: ಗಿಟಾರ್, ಕೀಬೋರ್ಡ್ ಹಾಡಾದ್ರೆ ಎಂಟಿ ಪವರ್ ಡ್ರಮ್ ಕಿಟ್ ಹಾಕ್ಕೊ, ಅದಕ್ಕೆ ಸ್ಯಾಂಪಲ್ ಮಾಡೋ ತ್ರಾಸ ಬ್ಯಾಡ. ಪದ, ವಚನ, ಸೋಬಾನ ಆದ್ರೆ ಸ್ಫೋರ್ಜಾಂಡೊ ಹಾಕ್ಕೊಂಡು ನಿಮ್ಮೂರ ವಾದ್ಯಾನೇ ತುಂಬು. ಹಿಂದಕ್ಕೆ ರೀಪರ್ ಇರಲಿ, 60 ದಿನ ಪ್ರಯೋಗಕ್ಕೆ ಬಿಡ್ತಾರ, ಆಮೇಲೆ ರೊಕ್ಕ ಕೊಟ್ಟು ತಗೊ. ಲೂಪ್ ಹಾಕಲೇಬೇಕಂದ್ರೆ ಗಣದ ತಲೆಗೆ ಒಂದೇ ಪೆಟ್ಟಿಡು, ಫಿಲ್ ಎಲ್ಲ ಅಳಿಸಿಬಿಡು. ಮತ್ತ ಚರ್ಮದ ವಾದ್ಯಾನ ಮಳಿಗಾಲದಾಗ ರೆಕಾರ್ಡ್ ಮಾಡಬ್ಯಾಡ, ಸಡಲ ಆಗಿರ್ತದ. ನಾ ಆಷಾಢದಾಗ ಮಾಡಿ, ಎಲ್ಲಾ ತೆಗೆದು ಮಾರ್ಚ್‌ದಾಗ ಮತ್ತೊಮ್ಮೆ ಮಾಡಬೇಕಾಯ್ತು.